ಹತ್ತು ದಿನದ ಥಾರ್ ಸವಾರಿ, ಒಂದು ಕುದುರೆಯ ಬೆನ್ನು

ನಾಲ್ಕನೇ ದಿನ ಸಂಜೆ ಜೀನು ಇಳಿಸಿದೆ. ನನ್ನ ಕುದುರೆ ಮೂಮಲ್‌ಳ ಬೆನ್ನೆಲ್ಲ ಬೆವರಿನಿಂದ ಒದ್ದೆಯಾಗಿತ್ತು. ಎಡಗಡೆ, ಹೆಗಲಿನ ಹಿಂದೆ, ಅಂಗೈ ಅಗಲದ ಒಂದು ಜಾಗ ಮಾತ್ರ ಒಣಗಿತ್ತು. ಒಳ್ಳೇದೇ ಆಯ್ತು, ಅಷ್ಟು ಉಜ್ಜುವ ಕೆಲಸ ಉಳೀತು ಅಂದುಕೊಂಡೆ. ನಮ್ಮ ಹಿರಿಯ ಸಾಯಿಸ್, ಅಂದರೆ ಕುದುರೆ ನೋಡಿಕೊಳ್ಳುವವರು, ಬಂದು ಅಲ್ಲಿ ಎರಡು ಬೆರಳಿಟ್ಟು ಮೆಲ್ಲಗೆ ಒತ್ತಿದರು. ಅವರನ್ನು ಎಲ್ಲರೂ ಕಾಕಾಸಾ ಅನ್ನುತ್ತಿದ್ದರು. ಮೂಮಲ್ ಬೆನ್ನು ತಗ್ಗಿಸಿ ಪಕ್ಕಕ್ಕೆ ಸರಿದಳು.

"ಬಾಯಿಸಾ, ನಾಳೆಯಿಂದ ನೀವು ನಡೀರಿ" ಅಂದರು. ಬೇರೇನೂ ಹೇಳಲಿಲ್ಲ.

ಜೀನು ಒಂದೇ ಕಡೆ ಒತ್ತಿ ಕೂತರೆ ಅಲ್ಲಿ ರಕ್ತ ಸರಿಯಾಗಿ ಓಡುವುದಿಲ್ಲ, ಬೆವರೂ ಬರುವುದಿಲ್ಲ. ಜೀನು ತೆಗೆದ ಮೇಲೆ ಆ ಜಾಗ ನಿಧಾನಕ್ಕೆ ಊದುತ್ತದೆ. ರಾತ್ರಿ ಎಂಟಕ್ಕೆ ಟಾರ್ಚ್ ಹಿಡಿದು ನೋಡಿದರೆ ಅರ್ಧ ನಿಂಬೆಹಣ್ಣಿನಷ್ಟು ಬಾವು ಎದ್ದಿತ್ತು. ಮುಟ್ಟಿದರೆ ಬಿಸಿ. ಅದು ನನ್ನಿಂದ ಆದದ್ದು.

ಮೊದಲಿಂದ ಹೇಳುತ್ತೇನೆ. ನನಗೆ ನಲವತ್ತಾರು ವರ್ಷ. ಬೆಂಗಳೂರಿನ ಹೊರವಲಯದ ಒಂದು ರೈಡಿಂಗ್ ಶಾಲೆಯಲ್ಲಿ ಆರು ವರ್ಷದಿಂದ ಕಲಿಯುತ್ತಿದ್ದೇನೆ. ಅಲ್ಲಿನ ಕುದುರೆಗಳೆಲ್ಲ ರೇಸಿನಿಂದ ನಿವೃತ್ತಿಯಾದವು. ಮುಕ್ಕಾಲು ಗಂಟೆ ಅಂಗಳದಲ್ಲಿ ಸುತ್ತು ಹಾಕಿ, ಇಳಿದು, ಲಗಾಮು ಹುಡುಗರ ಕೈಗೆ ಕೊಟ್ಟು ಕಾಫಿಗೆ ಹೋಗುವುದು ನಮ್ಮ ಅಭ್ಯಾಸ. ಜೀನು ಕಟ್ಟುವುದೂ ಅವರೇ, ಬಿಚ್ಚುವುದೂ ಅವರೇ. ಇದೇ ನನ್ನ ತಯಾರಿಯ ದೊಡ್ಡ ಕೊರತೆ ಅಂತ ಆಗ ಗೊತ್ತಿರಲಿಲ್ಲ.

ರಾಜಸ್ಥಾನದ ಓಸಿಯಾನ್‌ನಿಂದ ಜೈಸಲ್ಮೇರ್‌ವರೆಗೆ ಹತ್ತು ದಿನದ ಸವಾರಿ. ಫಲೋದಿ, ರಾಮದೇವ್ರಾ, ಪೋಖ್ರಾನ್ ಕಡೆಯಿಂದ, ಟಾರು ರಸ್ತೆ ಆದಷ್ಟು ಬಿಟ್ಟು, ಸುಮಾರು 250 ಕಿಲೋಮೀಟರ್. ಆರು ಜನ ಸವಾರರು, ಮೂವರು ಸಾಯಿಸ್‌ಗಳು, ನೀರಿನ ಟ್ಯಾಂಕರ್ ಎಳೆಯುವ ಒಂದು ಜೀಪು, ಮೇವು ಹೊತ್ತ ಒಂದು ಒಂಟೆ ಗಾಡಿ. ಆ ಗಾಡಿಗೆ ಹಳೇ ವಿಮಾನದ ಟೈರು! ಅಲ್ಲಿ ಬಹಳ ಒಂಟೆ ಗಾಡಿಗಳಿಗೆ ಹಾಗೇ ಇರುತ್ತದೆ. ಅಗಲ ಜಾಸ್ತಿ, ಮರಳಲ್ಲಿ ಹೂತುಕೊಳ್ಳುವುದಿಲ್ಲ.

ಡಿಸೆಂಬರ್ ಕೊನೆಯಲ್ಲಿ ಹೊರಟೆವು. ಬೇಸಿಗೆಯಲ್ಲಿ ಈ ಕಡೆ ತಲೆ ಹಾಕುವಂತಿಲ್ಲ. 2016ರ ಮೇ ತಿಂಗಳಲ್ಲಿ ಇದೇ ಫಲೋದಿಯಲ್ಲಿ 51 ಡಿಗ್ರಿ ಮುಟ್ಟಿತ್ತು. ನಮಗೆ ಹಗಲು ಹಿತವಾದ ಬಿಸಿಲು, ರಾತ್ರಿ ಹಲ್ಲು ಕಟಕಟ. ಕುದುರೆಗಳಿಗೂ ರಾತ್ರಿ ಜೂಲು ಹೊದೆಸುತ್ತಿದ್ದೆವು.

ಕುದುರೆಗಳೆಲ್ಲ ಮಾರ್ವಾಡಿ ತಳಿ. ಈ ತಳಿಯನ್ನು ದೂರದಿಂದಲೇ ಗುರುತಿಸಬಹುದು. ಕಿವಿಗಳು ಒಳಕ್ಕೆ ಬಾಗಿ ತುದಿಗಳು ಒಂದಕ್ಕೊಂದು ತಾಗುತ್ತವೆ, ಎರಡು ಕೊಡುಗೋಲು ಎದುರುಬದುರು ಇಟ್ಟ ಹಾಗೆ. ಮೂಮಲ್ 15 ಹ್ಯಾಂಡ್ ಎತ್ತರದ ಕಂದು ಹೆಣ್ಣು ಕುದುರೆ. ಒಂದು ಹ್ಯಾಂಡ್ ಅಂದರೆ ನಾಲ್ಕು ಇಂಚು, ಹಾಗಾಗಿ ಹೆಗಲಿನ ಹತ್ತಿರ ಐದಡಿ. ರೇಸ್ ಕುದುರೆ ಹತ್ತಿ ರೂಢಿಯಾದ ನನಗೆ ಮೊದಲು ಸಣ್ಣದು ಅನಿಸಿತು. ಎರಡನೇ ದಿನ ಅವಳು ರೇವಾಲ್ ಹಾಕಿದಳು. ಈ ತಳಿಯ ಕೆಲವು ಕುದುರೆಗಳಿಗೆ ಹುಟ್ಟಿನಿಂದ ಬರುವ ನಡೆ ಅದು. ನಡಿಗೆಗಿಂತ ಬೇಗ, ಆದರೆ ಕುಕ್ಕುಲೋಟದ ಹಾಗೆ ಎತ್ತಿ ಕುಕ್ಕುವುದಿಲ್ಲ. ಕೈಯಲ್ಲಿ ಚಹಾ ಲೋಟ ಹಿಡಿದರೂ ತುಳುಕಲ್ಲ ಅಂತಾರೆ. ನಾನು ನೀರಿನ ಬಾಟಲಿ ಹಿಡಿದು ನೋಡಿದೆ. ತುಳುಕಿತು, ಸ್ವಲ್ಪ. ತಪ್ಪು ನನ್ನ ಕೈದೇ ಇರಬೇಕು.

ಮರುಭೂಮಿ ಅಂದರೆ ಬರೀ ಮರಳ ದಿಬ್ಬ ಅಂದುಕೊಂಡು ಹೋದವಳು ನಾನು. ದಿಬ್ಬಗಳು ಸಿಕ್ಕವು, ಆದರೆ ನಾವು ಹೆಚ್ಚು ದಾಟಿದ್ದು ಕುರುಚಲು ಕಾಡು, ಕಟಾವಾದ ಸಜ್ಜೆ ಹೊಲ, ನಾಲ್ಕಾರು ಮನೆಗಳ ಢಾಣಿಗಳು. ಎಲ್ಲಿ ನೋಡಿದರೂ ಎಕ್ಕದ ಗಿಡ. ಹೊಲದ ನಡುವೆ ಒಂಟಿ ಖೇಜಡಿ ಮರಗಳು. ಖೇಜಡಿ ಅಂದರೆ ನಮ್ಮ ಬನ್ನಿ. ನಮ್ಮ ಕೊಪ್ಪಳದ ಕಡೆ ದಸರೆಗೆ ಬನ್ನಿ ಎಲೆ ಕೊಟ್ಟು ಬಂಗಾರ ಅಂತೀವಲ್ಲ, ಅದೇ ಮರ. ಅಲ್ಲಿ ಚಳಿಗಾಲದಲ್ಲಿ ಅದರ ಟೊಂಗೆ ಸವರಿ ಎಲೆಯನ್ನು ಆಡು, ಒಂಟೆಗೆ ಹಾಕುತ್ತಾರೆ. 1730ರಲ್ಲಿ ಜೋಧ್‌ಪುರದ ಹತ್ತಿರದ ಖೇಜಡ್ಲಿಯಲ್ಲಿ ಈ ಮರ ಕಡಿಯಬಾರದು ಅಂತ 363 ಬಿಷ್ಣೋಯಿಗಳು ಜೀವ ಕೊಟ್ಟ ಕತೆ ನಿಮಗೂ ಗೊತ್ತಿರಬಹುದು. ಸಂಜೆ ಊಟಕ್ಕೆ ಸಜ್ಜೆ ರೊಟ್ಟಿ, ತುಪ್ಪ, ಬೆಲ್ಲ. ಎರಡು ಸಾವಿರ ಕಿಲೋಮೀಟರ್ ದೂರ ಹೋಗಿ ಅವ್ವನ ಕೈ ಊಟ ಉಂಡ ಹಾಗಾಯಿತು. ಜೊತೆಗಿದ್ದ ಮುಂಬೈನವರು ಬ್ರೆಡ್ ಹುಡುಕುತ್ತಿದ್ದರು ಪಾಪ.

ಕುದುರೆಗೆ ಅಲ್ಲಿ ನಿಜವಾದ ಅಪಾಯ ಮುಳ್ಳುತಂತಿ. ಹೊಲಕ್ಕೆಲ್ಲ ಬೇಲಿ. ಎದುರಿನ ಬಿಸಿಲಲ್ಲಿ ತಂತಿ ಕಾಣುವುದೇ ಇಲ್ಲ. ಇನ್ನೊಂದು, ಇಲಿಗಳು ತೋಡಿದ ಬಿಲ. ಮೇಲೆ ಗಟ್ಟಿ ಕಾಣುವ ನೆಲ ಗೊರಸು ಇಟ್ಟ ಕೂಡಲೇ ಕುಸಿಯುತ್ತದೆ. ಹಾಗಾಗಿ ನಾಗಾಲೋಟದ ಕನಸು ಕಂಡು ಹೋದವರಿಗೆ ನಿರಾಸೆಯೇ. ದಿನಕ್ಕೆ 25ರಿಂದ 28 ಕಿಲೋಮೀಟರ್, ಬಹುಪಾಲು ನಡಿಗೆ. ಗಟ್ಟಿ ನೆಲ ಸಿಕ್ಕರೆ ಮಾತ್ರ ಸ್ವಲ್ಪ ರೇವಾಲ್. ಆಳದ ಮರಳಲ್ಲಿ ಓಡಿಸಿದರೆ ಕಾಲಿನ ಸ್ನಾಯುರಜ್ಜು ಎಳೆದುಕೊಳ್ಳುತ್ತದೆ. ಗಂಟೆಗೊಮ್ಮೆ ಇಳಿದು ಹತ್ತು ನಿಮಿಷ ಕುದುರೆಯ ಪಕ್ಕದಲ್ಲಿ ನಡೆಯಬೇಕು. ದಿಬ್ಬ ಹತ್ತುವಾಗ ಮುಂದಕ್ಕೆ ಬಾಗಿ ಕೇಸರ ಹಿಡಿದುಕೊಳ್ಳಬೇಕು. ಇಳಿಯುವಾಗ ನೇರ ಕೆಳಗೆ, ಅಡ್ಡ ಇಳಿಸಿದರೆ ಮರಳು ಜಾರಿ ಕುದುರೆ ಪಕ್ಕಕ್ಕೆ ಬೀಳುತ್ತದೆ.

ಹೆಚ್ಚು ತಲೆ ಕೆಡಿಸಿಕೊಂಡದ್ದು ನೀರಿಗೆ. ಸುಮ್ನೆ ನಿಂತ ಕುದುರೆಯೇ ದಿನಕ್ಕೆ 25ರಿಂದ 40 ಲೀಟರ್ ಕುಡಿಯುತ್ತದೆ, ಕೆಲಸ ಮಾಡಿದರೆ ಇನ್ನೂ ಜಾಸ್ತಿ. ಎಂಟು ಕುದುರೆಗೆ ಒಂದು ಒಂಟೆ ಸೇರಿಸಿ ಲೆಕ್ಕ ಹಾಕಿ. ಹಳ್ಳಿಗಳ ಖೇಳಿಯಲ್ಲಿ, ಅಂದರೆ ದನಕರುಗಳ ನೀರಿನ ತೊಟ್ಟಿಯಲ್ಲಿ, ಕುಡಿಸಬಹುದು. ಮನೆಗಳ ಟಾಂಕಾ ಮುಟ್ಟುವಂತಿಲ್ಲ. ಅದು ನೆಲದೊಳಗೆ ಕಟ್ಟಿದ ಮಳೆನೀರಿನ ತೊಟ್ಟಿ, ಆ ಮನೆಯವರು ವರ್ಷವಿಡೀ ಕುಡಿಯುವ ನೀರು. ಅವರಾಗಿ ಕೊಟ್ಟರೂ ನಾವು ಒಂದು ಬಾಟಲಿಗಿಂತ ಹೆಚ್ಚು ತೆಗೆದುಕೊಳ್ಳಲಿಲ್ಲ. ಬೋರಿನ ನೀರು ಬಹಳ ಕಡೆ ಉಪ್ಪು. ಊರೂರಿಗೂ ರುಚಿ ಬೇರೆ. ಕುದುರೆ ಒಂದು ಸಲ ಮೂಸಿ ಬೇಡ ಅಂದರೆ ಬೇಡ. ಇದಕ್ಕೆ ಕಾಕಾಸಾ ಹತ್ತಿರ ಒಂದು ಉಪಾಯ ಇತ್ತು. ಹೊರಡುವ ವಾರ ಮೊದಲೇ ಬಕೆಟ್ಟಿಗೆ ಒಂದು ಹಿಡಿ ಬೆಲ್ಲ ಕರಗಿಸಿ ಕುಡಿಸಿ ರೂಢಿ ಮಾಡಿದ್ದರು. ದಾರಿಯಲ್ಲಿ ಎಲ್ಲಿಯ ನೀರಾದರೂ ಬೆಲ್ಲ ಹಾಕಿದರೆ ಅದೇ ನೀರು. ಇಷ್ಟು ಸರಳ!

ಕುದುರೆಗೆ ನೀರು ಸಾಕಾಗಿದೆಯಾ ಅಂತ ನೋಡಲು ಕುತ್ತಿಗೆಯ ಚರ್ಮ ಚಿವುಟಿ ಬಿಡಬೇಕು. ತಕ್ಷಣ ಮಟ್ಟ ಆಗಬೇಕು. ಒಸಡನ್ನು ಹೆಬ್ಬೆರಳಲ್ಲಿ ಒತ್ತಿ ಬಿಟ್ಟರೆ ಬಿಳಿಯಾದ ಜಾಗ ಎರಡು ಸೆಕೆಂಡಿನಲ್ಲಿ ಮತ್ತೆ ಗುಲಾಬಿ ಆಗಬೇಕು. ಹೊಟ್ಟೆಗೆ ಕಿವಿ ಇಟ್ಟರೆ ಗುಡುಗುಡು ಸದ್ದು ಕೇಳಬೇಕು. ಸದ್ದೇ ಇಲ್ಲ ಅಂದರೆ ಹೆದರಬೇಕು. ಮರಳ ಮೇಲೆ ಮೇವು ಹಾಕಿದರೆ ಹುಲ್ಲಿನ ಜೊತೆ ಮರಳೂ ಹೊಟ್ಟೆಗೆ ಹೋಗಿ ಕರುಳಲ್ಲಿ ಕೂರುತ್ತದೆ, ಹೊಟ್ಟೆನೋವಿಂದ ಕುದುರೆ ಸತ್ತೇ ಹೋಗಬಹುದು. ಅದಕ್ಕೇ ಕಡಲೆ, ಜವೆಗೋಧಿಯನ್ನು ತೋಬ್ರಾಗೆ, ಅಂದರೆ ಮೂತಿಗೆ ಕಟ್ಟುವ ಚೀಲಕ್ಕೆ ಹಾಕುತ್ತಾರೆ. ಹುಲ್ಲಿಗೆ ಕೆಳಗೆ ಗೋಣಿತಾಟು. ಹತ್ತು ದಿನವೂ ಬೆಳಿಗ್ಗೆ ಐದೂವರೆಗೆ ಎದ್ದು ಮೂಮಲ್‌ಳ ಹೊಟ್ಟೆಗೆ ಕಿವಿ ಇಟ್ಟಿದ್ದೇನೆ. ಆ ಚಳಿಯಲ್ಲಿ ಅಷ್ಟು ಬೆಚ್ಚಗಿನ ಜಾಗ ಇನ್ನೊಂದಿಲ್ಲ.

ಮೂರನೇ ದಿನ ಸಂಜೆ ಫಲೋದಿ ಹತ್ತಿರದ ಖೀಚನ್ ಊರು ತಲುಪಿದೆವು. ಮಾರನೇ ಬೆಳಿಗ್ಗೆ ಕುರ್ಜಾ ಹಕ್ಕಿಗಳು. ಇವು ಡೆಮೊಯಿಸೆಲ್ ಕ್ರೇನ್‌ಗಳು. ಹಿಮಾಲಯದ ಆಚೆಯಿಂದ ಬಂದು ಚಳಿಗಾಲ ಪೂರ್ತಿ ಇಲ್ಲಿರುತ್ತವೆ. ಊರಿನವರು ದಿನವೂ ಕಾಳು ಹಾಕುತ್ತಾರೆ. ಸಾವಿರಾರು ಹಕ್ಕಿ ಒಟ್ಟಿಗೆ ಇಳಿಯುವ ಸದ್ದಿಗೆ ನಮ್ಮ ಎರಡು ಕುದುರೆ ಬೆದರಿ ಹಿಂದೆ ಸರಿದವು. ನಾನು ಕ್ಯಾಮೆರಾ ತೆಗೆದೆ. ಲೆನ್ಸ್ ಬದಲಿಸಿದೆ. ದೊಡ್ಡ ಲೆನ್ಸನ್ನು ಜೀಪಿಗೆ ವಾಪಸ್ ಕೊಡದೆ ಜೀನಿನ ಎಡಗಡೆ ಚೀಲಕ್ಕೆ ತುರುಕಿದೆ. ಅಲ್ಲೇ ಎರಡು ಲೀಟರ್ ನೀರಿನ ಬಾಟಲಿಯೂ ಇತ್ತು. ಬಲಗಡೆ ಚೀಲದಲ್ಲಿ ಬರೀ ಸ್ಕಾರ್ಫ್, ಒಂದು ಪ್ಯಾಕೆಟ್ ಖರ್ಜೂರ.

ಮೂರು ಮೂರೂವರೆ ಕಿಲೋ. ಅರವತ್ತು ಕಿಲೋ ನಾನಿರುವಾಗ ಅದೇನು ಮಹಾ ಅಲ್ವಾ? ಆದರೆ ನಾನು ಮಧ್ಯದಲ್ಲಿ ಕೂರುತ್ತೇನೆ, ಅದು ಒಂದು ಪಕ್ಕ ಜೋತಾಡುತ್ತದೆ. ಜೀನು ಎಡಕ್ಕೆ ವಾಲಿತು. ವಾಲಿದ್ದನ್ನು ಸರಿ ಮಾಡಲು ನಾನು ಇಳಿದು ಪಟ್ಟಿ ಬಿಚ್ಚಿ ಕಟ್ಟಬೇಕಿತ್ತು. ಅದು ಬಿಟ್ಟು ಕೂತಲ್ಲೇ, ಬಲಗಾಲು ಇಡುವ ರಿಕಾಬಿನ ಮೇಲೆ ಜೋರಾಗಿ ತುಳಿದು ಎಳೆದುಕೊಂಡೆ. ಐದಾರು ಸಲ ಹಾಗೆ ಮಾಡಿರಬೇಕು. ಪ್ರತಿ ಸಲವೂ ಕೆಳಗಿನ ಕಂಬಳಿ ಸುಕ್ಕಾಗಿದೆ. ಆ ಸುಕ್ಕು ಕೂತದ್ದೇ ಆ ಒಣಗಿದ ಜಾಗದಲ್ಲಿ. ಶಾಲೆಯಲ್ಲಿ ಒಂದು ದಿನವಾದರೂ ನಾನೇ ಜೀನು ಕಟ್ಟಿದ್ದರೆ ಕಂಬಳಿ ಸುಕ್ಕಾದರೆ ಏನಾಗುತ್ತದೆ ಅಂತ ಗೊತ್ತಿರುತ್ತಿತ್ತು.

ಐದನೇ ದಿನದಿಂದ ನಡೆದೆ. ಮೂಮಲ್‌ಳ ಮೇಲೆ ಜೀನಿಲ್ಲ, ಹಗ್ಗ ಹಿಡಿದು ಪಕ್ಕದಲ್ಲಿ ನಾನು. ಮರಳಲ್ಲಿ ಒಂದು ಕಿಲೋಮೀಟರ್ ನಡೆದರೆ ಲಾಲ್‌ಬಾಗಿನಲ್ಲಿ ಮೂರು ಸುತ್ತು ಹೊಡೆದ ಹಾಗೆ. ಭುರಟ್ ಹುಲ್ಲಿನ ಮುಳ್ಳುಕಾಯಿ ಸಾಕ್ಸ್ ತುಂಬ ಅಂಟಿಕೊಂಡು ಕಾಲು ಕೆರೆದು ಕೆರೆದು ಸಾಕಾಯಿತು. ದಿನಕ್ಕೆ ಹನ್ನೆರಡು ಕಿಲೋಮೀಟರ್ ನಡೆಯುವಷ್ಟರಲ್ಲಿ ಸೋತು ಒಂಟೆ ಗಾಡಿ ಹತ್ತುತ್ತಿದ್ದೆ. ಮೂಮಲ್‌ಳನ್ನು ಗಾಡಿಯ ಹಿಂದೆ ಕಟ್ಟಿದರೆ ಒಂಟೆ ಕಂಡು ಮುಖ ತಿರುಗಿಸುತ್ತಿದ್ದಳು. ಊರು ಬಂದಾಗೆಲ್ಲ ಹುಡುಗರು ಓಡಿ ಬಂದು "ಕುದುರೆ ಇದ್ದೂ ಯಾಕೆ ನಡೀತೀರಿ?" ಅಂತ ಕೇಳುತ್ತಿದ್ದರು. ಮೊದಮೊದಲು ಏನೋ ಒಂದು ಹೇಳಿದೆ. ಆಮೇಲೆ ನಿಜ ಹೇಳಿಬಿಟ್ಟೆ. ಒಬ್ಬ ಹುಡುಗ ಬೆನ್ನು ನೋಡಿ ನಾಲಿಗೆ ಲೊಚಗುಟ್ಟಿದ, ಥೇಟ್ ಕಾಕಾಸಾ ಹಾಗೆ.

ಬಾವು ಬಂದ ಜಾಗಕ್ಕೆ ದಿನಕ್ಕೆ ಮೂರು ಸಲ ತಣ್ಣೀರಿನ ಬಟ್ಟೆ, ಉಪ್ಪುನೀರಿನ ಪಟ್ಟಿ. ಚರ್ಮ ಒಡೆಯಲಿಲ್ಲ, ಅದು ನಮ್ಮ ಪುಣ್ಯ. ಫೋನಿನಲ್ಲಿ ವಿಚಾರಿಸಿದ ಪಶುವೈದ್ಯರೂ ಬಾವು ಇಳಿದು, ಒತ್ತಿದರೆ ನೋವಿಲ್ಲ ಅನ್ನುವ ತನಕ ಜೀನು ಬೇಡ ಅಂದರು.

ಆರನೇ ದಿನ ರಾಮದೇವ್ರಾ. ಬಾಬಾ ರಾಮದೇವ್‌ಜೀ ದೇವಸ್ಥಾನದ ಬೀದಿಯಲ್ಲಿ ಅಂಗಡಿ ತುಂಬ ಬಟ್ಟೆಯ ಕುದುರೆಗಳು. ಬಾಲಕ ರಾಮದೇವ್ ಆಟಕ್ಕೆ ಕುದುರೆ ಕೇಳಿದನಂತೆ, ದರ್ಜಿ ಬಟ್ಟೆಯಲ್ಲಿ ಹೊಲಿದು ಕೊಟ್ಟನಂತೆ, ಅದು ಬಾಲಕನನ್ನು ಹೊತ್ತು ಹಾರಿತಂತೆ. ಹರಕೆ ಹೊತ್ತವರು ಈಗಲೂ ಬಟ್ಟೆ ಕುದುರೆ ಒಪ್ಪಿಸುತ್ತಾರೆ. ನಾನೂ ಒಂದು ಚಿಕ್ಕದು ಕೊಂಡೆ. ಹರಕೆ ಏನು ಅಂತ ಕೇಳಬೇಡಿ, ಗೊತ್ತೇ ಇದೆ.

ಪೋಖ್ರಾನ್ ದಾಟಿದ ಮೇಲೆ ಸೇನೆಯ ಫೈರಿಂಗ್ ರೇಂಜ್ ಬಿಟ್ಟು ಸುತ್ತಿ ಹೋಗಬೇಕು. ಆ ಎರಡು ದಿನದ ಬಗ್ಗೆ ಹೇಳುವಂಥದ್ದು ಕಡಿಮೆ. ಗಾಳಿ, ಕಲ್ಲು ನೆಲ, ಒಂದು ಕುದುರೆಯ ಲಾಳ ಸಡಿಲವಾಗಿ ಅರ್ಧ ದಿನ ನಿಂತೆವು.

ಒಂಬತ್ತನೇ ದಿನ ಬೆಳಿಗ್ಗೆ ಕಾಕಾಸಾ ಮತ್ತೆ ಎರಡು ಬೆರಳಿಟ್ಟರು. ಮೂಮಲ್ ಅಲುಗಾಡಲಿಲ್ಲ, ತೋಬ್ರಾದೊಳಗೆ ಕಡಲೆ ಅಗಿಯುತ್ತಲೇ ಇದ್ದಳು. ಅವರು ಹಳೇ ನಮ್ದಾ, ಅಂದರೆ ಜೀನಿನ ಕೆಳಗೆ ಹಾಕುವ ದಪ್ಪ ಉಣ್ಣೆಯ ಹಾಸು, ತಂದು ಬಾವು ಇದ್ದ ಜಾಗಕ್ಕೆ ಸರಿಯಾಗಿ ತೂತು ಕತ್ತರಿಸಿದರು. ಕತ್ತರಿ ನನ್ನ ಕೈಗೂ ಕೊಟ್ಟು ಅಂಚು ಸವರಿಸಿದರು. "ಇವತ್ತು ಒಂದು ಗಂಟೆ, ನಾಳೆ ಎರಡು. ಕ್ಯಾಮೆರಾ ಕುತ್ತಿಗೆಗೆ ಹಾಕ್ಕೊಳ್ಳಿ" ಅಂದರು. ಲೆನ್ಸ್ ಅಷ್ಟರಲ್ಲಿ ಜೀಪಿನ ತಳದಲ್ಲಿತ್ತು.

ಹತ್ತನೇ ದಿನ ಕೊನೆಯ ಎರಡು ಗಂಟೆ ಹತ್ತಿದೆ. ಮೊದಲು ಗಾಳಿಯಂತ್ರಗಳು ಕಂಡವು, ಸಾಲು ಸಾಲು. ಆಮೇಲೆ ಅವುಗಳಾಚೆ ಹಳದಿ ಬಣ್ಣದ ಜೈಸಲ್ಮೇರ್ ಕೋಟೆ. ಉಳಿದವರು ಫೋಟೋಕ್ಕೆ ನಿಂತರು. ನಾನು ಊರ ಹೊರಗಿನ ಬಿಡಾರಕ್ಕೆ ಹೋಗಿ ಇಳಿದೆ, ಪಟ್ಟಿ ಸಡಿಲಿಸಿದೆ, ಹತ್ತು ನಿಮಿಷ ಹಾಗೇ ಬಿಟ್ಟು ಜೀನು ಎತ್ತಿದೆ. ಬಿಸಿ ಬೆನ್ನನ್ನು ಒಮ್ಮೆಗೇ ಗಾಳಿಗೆ ಒಡ್ಡಬಾರದು ಅಂತ ಕಾಕಾಸಾ ಹೇಳಿದ್ದರು. ಕಂಬಳಿ, ನಮ್ದಾ ತೆಗೆದೆ. ಎಡಗಡೆ ಅಂಗೈ ಇಟ್ಟೆ.

ಒದ್ದೆಯಾಗಿತ್ತು. ಬಲಗಡೆಯಷ್ಟೇ.