ಎರಡು ಫೋನು, ಒಂದೇ ಕಿಂಡಿ: ಕ್ಯಾಮೆರಾ ಹೋಲಿಸೋದು ಹೀಗೆ

ಅಂಗಡಿಯ ಬಿಳಿ ಎಲ್‌ಇಡಿ ಬೆಳಕಿನಲ್ಲಿ ಹದಿನೈದು ಸಾವಿರದ ಫೋನೂ ಅರವತ್ತು ಸಾವಿರದ ಫೋನೂ ಹೆಚ್ಚುಕಡಿಮೆ ಒಂದೇ ಥರದ ಫೋಟೊ ಕೊಡುತ್ತವೆ. ಕ್ಯಾಮೆರಾ ತಿಣುಕಾಡುವ ಜಾಗಕ್ಕೆ ಎರಡನ್ನೂ ಒಯ್ದಾಗಲೇ ಬಂಡವಾಳ ಬಯಲಾಗೋದು. ಚಿತ್ರದುರ್ಗದವರಿಗೆ ಅಂಥ ಜಾಗಗಳು ಕೋಟೆಯೊಳಗೇ ಸಿಗುತ್ತವೆ.

ಹೊರಡುವ ಮೊದಲು ಎರಡೂ ಫೋನಿನ ಲೆನ್ಸನ್ನು ಹತ್ತಿಬಟ್ಟೆಯಿಂದ ಒರೆಸಿ. ಬೆರಳಿನ ಎಣ್ಣೆ ಕೂತ ಲೆನ್ಸ್ ಎಷ್ಟೇ ದುಬಾರಿಯಾದರೂ ಮಬ್ಬು ಫೋಟೊ ಕೊಡುತ್ತದೆ. ಲೆನ್ಸಿನ ಮೇಲೆ ಹೆಚ್ಚುವರಿ ಗಾಜು ಅಂಟಿಸಿದ್ದರೆ ತೆಗೆದುಬಿಡಿ, ಇಲ್ಲದಿದ್ದರೆ ರಾತ್ರಿ ದೀಪಗಳ ಸುತ್ತ ಬೆಳಕು ಹರಡಿ ಆ ಫೋನಿಗೆ ಅನ್ಯಾಯವಾಗುತ್ತದೆ. ಮುಖ ನುಣುಪು ಮಾಡುವ ಬ್ಯೂಟಿ ಸೊನ್ನೆಗಿರಲಿ, ಫಿಲ್ಟರ್ ಬೇಡ, ಅಳತೆ 4:3, ಫೈಲು ಎರಡರಲ್ಲೂ ಜೆಪಿಇಜಿ. ಉಳಿದದ್ದನ್ನು ಕಂಪನಿ ಕೊಟ್ಟ ಹಾಗೇ ಬಿಡಿ, ನಾಳೆ ನೀವು ಬಳಸೋದೂ ಹಾಗೇ ತಾನೆ. ಮೆಗಾಪಿಕ್ಸೆಲ್ ಲೆಕ್ಕ ತಲೆಗೆ ಹಚ್ಚಿಕೊಳ್ಳಬೇಡಿ. 50 ಮೆಗಾಪಿಕ್ಸೆಲ್ ಫೋನು ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್ (ಚಿತ್ರದ ಚುಕ್ಕಿ) ಸೇರಿಸಿ ಒಂದು ಮಾಡುತ್ತದೆ, 200ರದ್ದು ಹದಿನಾರು ಸೇರಿಸುತ್ತದೆ. ಕೊನೆಗೆ ಎರಡೂ ಬಂದು ನಿಲ್ಲೋದು 12.5ಕ್ಕೇ.

ಒಂದೊಂದು ದೃಶ್ಯಕ್ಕೂ ಒಂದೊಂದು ಫೋನಿನಿಂದ ಮೂರು ಸಲ ಕ್ಲಿಕ್ ಮಾಡಿ. ಮೊದಲು ಒಂದು, ತಕ್ಷಣ ಇನ್ನೊಂದು, ಹೀಗೆ ಅದಲುಬದಲು. ನಡುವೆ ಮೋಡ ಬಂತೋ, ಆ ಸುತ್ತು ರದ್ದು. 1ಎಕ್ಸ್, ಅಂದರೆ ಝೂಮ್ ಇಲ್ಲದ ನೋಟ, ಎಲ್ಲ ಫೋನಿನಲ್ಲಿ ಒಂದೇ ಅಲ್ಲ: ಒಂದರ ಲೆನ್ಸ್ 23 ಮಿ.ಮೀ. ಇದ್ದರೆ ಇನ್ನೊಂದರದ್ದು 26 ಇರಬಹುದು. ಅಂಕಿ ಚಿಕ್ಕದಾದಷ್ಟೂ ನೋಟ ಅಗಲ. ಝೂಮ್ ಮಾಡಿ ಸರಿಹೊಂದಿಸಲು ಹೋದರೆ ಚಿತ್ರವೇ ಕೆಡುತ್ತದೆ, ಅಗಲ ನೋಟದ ಫೋನು ಹಿಡಿದಾಗ ಅರ್ಧ ಹೆಜ್ಜೆ ಮುಂದೆ ಹೋಗಿ. ಕೋಟೆಯಲ್ಲಿ ಟ್ರೈಪಾಡ್‌ಗೆ ಪುರಾತತ್ತ್ವ ಇಲಾಖೆಯ ಅನುಮತಿ ಬೇಕು, ಗೋಡೆಗೆ ಮೊಣಕೈ ಒರಗಿಸಿಕೊಂಡರೆ ಸಾಕು.

ಮೊದಲ ಪರೀಕ್ಷೆ ಒನಕೆ ಓಬವ್ವನ ಕಿಂಡಿ. ಬಂಡೆಗಳ ನಡುವಿನ ನೆರಳಿನಲ್ಲಿ ನಿಂತು, ಹೊರಗಿನ ಬಿಸಿಲು ಚೌಕಟ್ಟಿಗೆ ಬರುವ ಹಾಗೆ ಫೋನು ಹಿಡಿಯಿರಿ. ಪರದೆ ಮುಟ್ಟದೆ ಒಂದು ಫೋಟೊ, ಕತ್ತಲ ಬಂಡೆಯನ್ನು ಮುಟ್ಟಿ ಇನ್ನೊಂದು. ಹೊರಗಿನ ಆಕಾಶ ಬರೀ ಸುಣ್ಣ ಬಳಿದ ಹಾಗಿದೆಯೋ, ಅಲ್ಲಿ ನೀಲಿ ಉಳಿದಿದೆಯೋ? ಒಳಗಿನ ಕಲ್ಲಿನ ಉಬ್ಬುತಗ್ಗು ಕಾಣುತ್ತದೋ, ಇದ್ದಿಲಿನ ಹಾಗೆ ಕಪ್ಪಾಗಿದೆಯೋ? ಕೆಲವು ಫೋನು ನೆರಳನ್ನು ಎಷ್ಟು ಎತ್ತುತ್ತವೆ ಅಂದರೆ ಬಂಡೆ ಬೂದಿ ಬಳಿದುಕೊಂಡು, ಕಿಂಡಿಯ ಇಕ್ಕಟ್ಟೇ ಮಾಯವಾಗುತ್ತದೆ. ನಮ್ಮ ಮತ ಕೊಂಚ ಕತ್ತಲಾದರೂ ಆಕಾಶ ಉಳಿಸಿಕೊಂಡ ಫೋನಿಗೆ. ಕತ್ತಲನ್ನು ಆಮೇಲೆ ಸ್ವಲ್ಪ ಎತ್ತಬಹುದು, ಸುಟ್ಟು ಬೆಳ್ಳಗಾದದ್ದರಿಂದ ಏನೂ ವಾಪಸ್ ಬರೋದಿಲ್ಲ.

ಎತ್ತರಕ್ಕೆ ಹತ್ತಿದರೆ ಜೋಗಿಮಟ್ಟಿ ಕಡೆಯ ಗುಡ್ಡಗಳ ಗಾಳಿಯಂತ್ರಗಳು ಕಾಣುತ್ತವೆ. ಝೂಮ್ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ಗುರಿ ಇಲ್ಲ. ಫೋನು ಒಂದು ಕ್ಲಿಕ್ಕಿಗೆ ಹಲವು ಚಿತ್ರ ತೆಗೆದು ಬೆರೆಸುತ್ತದೆ, ಅಷ್ಟರಲ್ಲಿ ರೆಕ್ಕೆ ತಿರುಗಿರುತ್ತದೆ. ಬೆರಕೆ ಸರಿಯಾಗದಿದ್ದರೆ ಮೂರು ರೆಕ್ಕೆಯ ಯಂತ್ರಕ್ಕೆ ನಾಲ್ಕನೆಯ ಮಸುಕು ರೆಕ್ಕೆ ಮೂಡುತ್ತದೆ, ಇಲ್ಲವೇ ತುದಿ ಆಕಾಶದಲ್ಲಿ ಕರಗಿಹೋಗುತ್ತದೆ. ಕಂಬದ ಅಂಚಿಗೆ ಬಿಳಿ ಗೆರೆ ಕಂಡರೆ ಫೋನು ಚೂಪು ಮಾಡೋದು ಅತಿಯಾಯಿತು ಅಂತ. ದೂರದ್ದನ್ನು ಹತ್ತಿರ ತರುವ ಟೆಲಿಫೋಟೊ ಲೆನ್ಸ್ ಇರುವ ಫೋನಿಗೆ ಇನ್ನೊಂದು ತಪಾಸಣೆ: ಆ ಲೆನ್ಸಿನ ಝೂಮ್‌ಗೆ, ಉದಾಹರಣೆಗೆ 3ಎಕ್ಸ್‌ಗೆ, ಹೋಗಿ ಅದನ್ನು ಬೆರಳಿನಿಂದ ಮುಚ್ಚಿ. ಪರದೆ ಕಪ್ಪಾದರೆ ನಿಜವಾದ ಝೂಮ್. ಕಪ್ಪಾಗದೆ ಚಿತ್ರ ಹಾಗೇ ಬರುತ್ತಿದ್ದರೆ ಅದು ಮುಖ್ಯ ಕ್ಯಾಮೆರಾದ ಚಿತ್ರವನ್ನೇ ಕತ್ತರಿಸಿ ತೋರಿಸುತ್ತಿದೆ. ಮಂದ ಬೆಳಕಿನಲ್ಲಿ ಹೀಗೆ ಮಾಡುವ ಫೋನುಗಳೇ ಹೆಚ್ಚು, ಆದ್ದರಿಂದ ಸಂಜೆ ಮತ್ತೊಮ್ಮೆ ನೋಡಿ.

ಮುಖದ ಫೋಟೊಗೆ ಬೇರೆ ಬೇರೆ ಮೈಬಣ್ಣದ ಇಬ್ಬರನ್ನು ಮರದ ನೆರಳಲ್ಲಿ ನಿಲ್ಲಿಸಿ. ಕಪ್ಪಗಿರುವವರನ್ನು ಬೆಳ್ಳಗೆ ಮಾಡುವ ಫೋನಿಗೆ ಅಂಕ ಕಳೆಯಿರಿ, ಅವರು ಬ್ಯೂಟಿ ಕೇಳಿಲ್ಲವಲ್ಲ. ಒಬ್ಬರು ಕಡುಕೆಂಪು ಸೀರೆ ಉಟ್ಟಿದ್ದರೆ ಅನುಕೂಲ: ನೆರಿಗೆಗಳು ಬಿಡಿಬಿಡಿಯಾಗಿ ಕಾಣಬೇಕು, ಕೆಂಪು ಬಣ್ಣದ ಡಬ್ಬಿ ಚೆಲ್ಲಿದ ಹಾಗಾಗಬಾರದು. ಪೋರ್ಟ್ರೇಟ್ ಮೋಡ್‌ನಲ್ಲಿ ಜುಮುಕಿ ನೋಡಿ. ಅದರ ಕೆಳಗಿನ ಮಣಿಗಳನ್ನು ಹಿನ್ನೆಲೆ ಅಂತ ತಿಳಿದು ಮಸುಕು ಮಾಡುವ ಫೋನುಗಳಿವೆ.

ಊಟತಿಂಡಿಯ ಬಣ್ಣಕ್ಕೆ ದಾವಣಗೆರೆಯ ಬೆಣ್ಣೆ ದೋಸೆ ಸಾಕು. ಹಳದಿ ಬಲ್ಬಿನ ಕೆಳಗೂ ಬೆಣ್ಣೆ ಬೆಣ್ಣೆಯ ಬಣ್ಣದಲ್ಲೇ, ಚಟ್ನಿ ಬೆಳ್ಳಗೇ ಕಾಣಬೇಕು. ಚಟ್ನಿಗೆ ಅರಿಸಿನ ಹಾಕಿದ ಹಾಗೆ ಕಂಡರೆ ವೈಟ್ ಬ್ಯಾಲೆನ್ಸ್, ಅಂದರೆ ಬಿಳಿಯನ್ನು ಬಿಳಿಯಾಗಿಯೇ ತೋರಿಸುವ ಲೆಕ್ಕ, ತಪ್ಪಿದೆ. ತೀರಾ ಹತ್ತಿರ ಹಿಡಿದರೆ ಕೆಲವು ಫೋನು ಹೇಳದೆ ಕೇಳದೆ ಅಗಲ ನೋಟದ ಅಲ್ಟ್ರಾವೈಡ್ ಲೆನ್ಸಿಗೆ ಹಾರುತ್ತವೆ, ಹಾಗಾಗಿ ಒಂದು ಗೇಣಿಗಿಂತ ಹತ್ತಿರ ಒಯ್ಯಬೇಡಿ. ದೋಸೆಯ ಹಬೆ ಲೆನ್ಸಿಗೆ ಕೂತರೆ ಒರೆಸಿಕೊಳ್ಳಿ.

ರಾತ್ರಿಗೆ ಮಿರ್ಚಿ ಕರಿಯುವ ಗಾಡಿ ಒಳ್ಳೆಯದು. ನೈಟ್ ಮೋಡ್ ಹಾಕಿ, ತೆಗೆದು, ಎರಡೂ ಥರ ಹೊಡೆಯಿರಿ. ನೈಟ್ ಮೋಡ್‌ನಲ್ಲಿ ಬಾಣಲೆ ಸ್ಪಷ್ಟವಾಗಿದ್ದು, ಜಾಲರಿ ಹಿಡಿದ ಕೈ ಹೊಗೆಯ ಹಾಗಾಗಿದ್ದರೆ ಅಚ್ಚರಿ ಬೇಡ, ಫೋನು ಒಂದೆರಡು ಸೆಕೆಂಡು ಬೆಳಕು ಹೀರಿಕೊಳ್ಳುತ್ತಿತ್ತು. ಗ್ಯಾಲರಿಯಲ್ಲಿ ಫೋಟೊದ ವಿವರ ತೆರೆದರೆ ಶಟರ್ ವೇಗ ಸಿಗುತ್ತದೆ. ಮನೆಯಲ್ಲಿ ಓಡಾಡುವ ಮಕ್ಕಳಿದ್ದರೆ, ಸಂಜೆ ಬೆಳಕಿನಲ್ಲಿ 1/15 ಸೆಕೆಂಡಿಗೆ ಇಳಿಯುವ ಫೋನಿಗಿಂತ 1/100 ಹಿಡಿದುಕೊಳ್ಳುವ ಫೋನು ವಾಸಿ, ಸ್ವಲ್ಪ ತರಿತರಿಯಾದರೂ ಪರವಾಗಿಲ್ಲ.

ಇಷ್ಟೆಲ್ಲ ಮಾಡಿದವರೂ ಎಡವೋದು ಫೋಟೊ ನೋಡುವಾಗ. ಎರಡು ಫೋನನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನೀವು ಹೋಲಿಸುತ್ತಿರೋದು ಪರದೆಗಳನ್ನು. ಹೆಚ್ಚು ಹೊಳೆಯುವ ಪರದೆಯೇ ಗೆಲ್ಲುತ್ತದೆ. ವಾಟ್ಸಾಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ, ಶಟರ್ ವೇಗದಂಥ ವಿವರವೂ ಅಳಿಸಿಹೋಗುತ್ತದೆ. ಕೇಬಲ್ ಹಾಕಿ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಿ, ಅದಾಗದಿದ್ದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಅಳತೆ ಬೇರೆ ಬೇರೆ ಇದ್ದರೆ ದೊಡ್ಡದನ್ನು ಚಿಕ್ಕದರ ಅಳತೆಗೆ ಇಳಿಸಿ, ಆಮೇಲೆ 100 ಪರ್ಸೆಂಟ್‌ನಲ್ಲಿ ನೋಡಿ: ನಡುಭಾಗ ಒಮ್ಮೆ, ನಾಲ್ಕು ಮೂಲೆ ಒಮ್ಮೆ. ಮಧ್ಯದಲ್ಲಿ ಗೆದ್ದ ಫೋನು ಮೂಲೆಯಲ್ಲಿ ಸೋಲೋದು ಅಪರೂಪವಲ್ಲ.

ಫೈಲುಗಳಿಗೆ ಅ, ಆ ಅಂತ ಹೆಸರಿಟ್ಟು, ಯಾವುದು ಯಾವ ಫೋನಿನದು ಅಂತ ಚೀಟಿಯಲ್ಲಿ ಬರೆದು ಮಡಚಿಡಿ. ಬೆಲೆ ಗೊತ್ತಿಲ್ಲದವರಿಗೆ, ಅಂದರೆ ಅಮ್ಮನಿಗೋ ಪಕ್ಕದ ಮನೆಯವರಿಗೋ ತೋರಿಸಿ, ಒಂದೊಂದು ದೃಶ್ಯಕ್ಕೂ ಒಂದನ್ನು ಆರಿಸಲು ಹೇಳಿ. ಎಲ್ಲ ದೃಶ್ಯ ಮುಗಿಯುವ ತನಕ ಚೀಟಿ ಬಿಚ್ಚಬೇಡಿ.