ನೋಡಿಕೊಳ್ಳಿ ಅಂತ ಕೊಟ್ಟ ನಾಯಿಯನ್ನು ವಾಪಸ್ ಕೊಡುತ್ತಿಲ್ಲವೇ? ಹೀಗೆ ಮಾಡಿ

ಕೆಲಸದ ಮೇಲೆ ಕೆಲವು ತಿಂಗಳು ಹೊರದೇಶಕ್ಕೆ ಹೋಗಬೇಕು, ನಾಯಿಯನ್ನು ಪರಿಚಯದವರ ಮನೆಯಲ್ಲಿ ಬಿಡುತ್ತೀರಿ. ಬಂದು ಕೇಳಿದರೆ "ನಮಗೇ ಹೊಂದ್ಕೊಂಡ್ಬಿಟ್ಟಿದೆ, ಮಕ್ಕಳು ಅಳ್ತಾರೆ" ಅನ್ನುತ್ತಾರೆ. ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಇದೇನೂ ಹೊಸ ಜಗಳವಲ್ಲ.

ನಮ್ಮ ಕಾನೂನು ಸಾಕುಪ್ರಾಣಿಯನ್ನು ಚರ ಆಸ್ತಿ ಅಂತ ನೋಡುತ್ತದೆ. ಕೇಳಲು ಬೇಜಾರು, ಆದರೆ ನಿಮ್ಮ ಕೈ ಹಿಡಿಯುವುದೂ ಅದೇ. ನೋಡಿಕೊಳ್ಳಲು ಕೊಟ್ಟ ವಸ್ತುವಿನ ಅವಧಿ ಮುಗಿದ ಕೂಡಲೇ, ಕೇಳದೇ ಇದ್ದರೂ, ವಾಪಸ್ ಕೊಡಬೇಕು ಅಂತ 1872ರ ಭಾರತೀಯ ಕರಾರು ಕಾಯಿದೆಯ 160ನೇ ಸೆಕ್ಷನ್ ಹೇಳುತ್ತದೆ. ನಡುವೆ ನಾಯಿ ಮರಿ ಹಾಕಿದ್ದರೆ? 163ನೇ ಸೆಕ್ಷನ್‌ನಲ್ಲಿ ಕೊಟ್ಟಿರುವ ಉದಾಹರಣೆಯೇ ಹಸು: ನೋಡಿಕೊಳ್ಳಲು ಬಿಟ್ಟ ಹಸು ಕರು ಹಾಕಿದರೆ, ಹಸುವಿನ ಜೊತೆ ಕರುವನ್ನೂ ಕೊಡಬೇಕು. ಬೇರೆ ಮಾತಾಗಿದ್ದರೆ ಆ ಮಾತು ನಡೆಯುತ್ತದೆ, ಹಳ್ಳಿಗಳಲ್ಲಿ ಹಸು ಕುರಿಯನ್ನು ಪಾಲಿಗೆ ಕೊಡುವುದಿಲ್ವಾ, ಹಾಗೆ.

ಇನ್ನೊಂದು ಕಡೆಯೂ ಇದೆ. ಪುಕ್ಕಟೆಯಾಗಿ ನೋಡಿಕೊಂಡವರಿಗೆ ಊಟ, ಔಷಧಿ, ಡಾಕ್ಟರ್ ಫೀಸು ಅಂತ ಅಗತ್ಯಕ್ಕೆ ಆದ ಖರ್ಚನ್ನು ನೀವು ಕೊಡಬೇಕು, ಇದು 158ನೇ ಸೆಕ್ಷನ್. ಎಷ್ಟೋ ಜಗಳಗಳ ಬುಡದಲ್ಲಿ ಇರುವುದು ಈ ದುಡ್ಡೇ ಅಂತ ನನ್ನ ಅನಿಸಿಕೆ, ಬಾಯಿಬಿಟ್ಟು ಕೇಳಲು ಸಂಕೋಚ, ಅದಕ್ಕೆ "ಮಕ್ಕಳು ಅಳ್ತಾರೆ". ಹಾಗಾಗಿ ಮೊದಲ ಮಾತಿನಲ್ಲೇ "ಎಷ್ಟು ಖರ್ಚಾಯ್ತು ಹೇಳಿ, ಇವತ್ತೇ ಕಳಿಸ್ತೀನಿ" ಅನ್ನಿ.

ಅದಕ್ಕೂ ಬಗ್ಗದಿದ್ದರೆ ದಾಖಲೆ ಕೂಡಿಸಿ. ನಿಮ್ಮ ಹೆಸರಿರುವ ಹಳೆಯ ವ್ಯಾಕ್ಸಿನ್ ಬುಕ್ ಮುಖ್ಯ, ಯಾಕಂದರೆ ಅವರು ಬೇರೆ ಕ್ಲಿನಿಕ್‌ಗೆ ಹೋಗಿ ತಮ್ಮ ಹೆಸರಲ್ಲಿ ಹೊಸ ಬುಕ್ ಮಾಡಿಸಿರಬಹುದು. ಆಗ ತಾರೀಖು ಮಾತಾಡುತ್ತದೆ. ಹಳೆಯ ಡಾಕ್ಟರ ಹತ್ತಿರ ಬಿಲ್ಲುಗಳ ನಕಲು, ಪಾಲಿಕೆ ಲೈಸೆನ್ಸ್, ಮೈಕ್ರೋಚಿಪ್ ನಂಬರ್, ಮರಿ ತಂದಾಗ ಕಳಿಸಿದ ಯುಪಿಐ ಹಣ, ಎಲ್ಲವೂ ಬೇಕು. ವಾಟ್ಸ್ಆಪ್ ಚಾಟ್ ಡಿಲೀಟ್ ಮಾಡಬೇಡಿ. ಒಮ್ಮೆ ನೀವೇ ಓದಿ ನೋಡಿ. ಬೇಸರದಲ್ಲೋ ಸುಮ್ನೆ ಬಾಯಿಮಾತಿಗೋ "ನೀವೇ ಇಟ್ಕೊಳ್ಳಿ ಬಿಡಿ" ಅಂತ ಬರೆದಿದ್ದರೆ ಕಷ್ಟ. ಅದನ್ನೇ ತೋರಿಸಿ ನಾಯಿಯನ್ನು ಉಡುಗೊರೆ ಕೊಟ್ಟಿದ್ದೀರಿ ಅನ್ನಬಹುದು; ಚರ ವಸ್ತುವನ್ನು ಉಡುಗೊರೆ ಕೊಡಲು ಕೈಗೆ ಒಪ್ಪಿಸಿದರೆ ಸಾಕು, ರಿಜಿಸ್ಟರ್ ಆಗಬೇಕಿಲ್ಲ.

ಆಮೇಲೆ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ನೋಟಿಸ್: ಯಾವಾಗ ಕೊಟ್ಟಿದ್ದು, ಎಷ್ಟು ದಿನಕ್ಕೆ, ಯಾವ ತಾರೀಖಿನೊಳಗೆ ವಾಪಸ್ ಬೇಕು. ಪೊಲೀಸರ ಹತ್ತಿರ ಹೋದರೆ "ಇದು ಸಿವಿಲ್ ಮ್ಯಾಟರ್" ಅಂತ ಕಳಿಸುವುದೇ ಜಾಸ್ತಿ. ಆದರೆ ಇಟ್ಟುಕೊಂಡವರು ನಾಯಿಯನ್ನು ಮಾರಿಬಿಟ್ಟಿದ್ದರೆ ಮಾತು ಬೇರೆ, ಭಾರತೀಯ ನ್ಯಾಯ ಸಂಹಿತೆಯ 316ನೇ ಸೆಕ್ಷನ್, ಅಂದರೆ ನಂಬಿಕೆ ದ್ರೋಹ, ತೋರಿಸಿ ಲಿಖಿತ ದೂರು ಕೊಡಿ. ಕೋರ್ಟಿಗೆ ಮೊದಲು ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಹಾಕಿ, ಎರಡೂ ಕಡೆಯವರನ್ನು ಕರೆಸಿ ರಾಜಿಗೆ ಪ್ರಯತ್ನಿಸುತ್ತಾರೆ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಉಚಿತ ಕಾನೂನು ನೆರವು ಸಿಗುತ್ತದೆ, ಸಹಾಯವಾಣಿ 15100. ಕೊನೆಗೆ ಸಿವಿಲ್ ದಾವೆ. ಆ ನಾಯಿಯೇ ಬೇಕು, ದುಡ್ಡು ಬೇಡ ಅಂತ ಕೇಳಲು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯಲ್ಲಿ ದಾರಿ ಇದೆ. ಮೂರು ವರ್ಷದ ಗಡುವು ಮೀರಬಾರದು.

ಅವರಿಲ್ಲದಾಗ ಗೇಟು ತೆಗೆದು ನಾಯಿ ಎತ್ತಿಕೊಂಡು ಬರಬೇಡಿ. ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಕಳ್ಳ ಅಂತ ಬರೆಯಲೂ ಬೇಡಿ. ನ್ಯಾಯ ನಿಮ್ಮ ಕಡೆ ಇದ್ದರೂ ಕೇಸು ನಿಮ್ಮ ಮೇಲೇ ಬೀಳುತ್ತದೆ.

ಇನ್ನೂ ಕೊಟ್ಟಿಲ್ಲ, ಮುಂದಿನ ವಾರ ಕೊಡಬೇಕು ಅನ್ನುವವರು ಇಷ್ಟು ಮೆಸೇಜ್ ಹಾಕಿ: "ಅಕ್ಕಾ, ರಾಜನ್ನ ಮಾರ್ಚ್ 5ರಿಂದ ಜೂನ್ 30ರವರೆಗೆ ನಿಮ್ಮನೇಲಿ ಬಿಡ್ತಿದ್ದೀನಿ. ನಾಯಿ ನಮ್ದೇ. ಊಟ, ಡಾಕ್ಟರ್ ಖರ್ಚು ತಿಂಗಳು ತಿಂಗಳು ಕಳಿಸ್ತೀನಿ. ತಡ ಆದ್ರೆ ಮೊದಲೇ ಹೇಳ್ತೀನಿ. ಸರಿ ಅಲ್ವಾ?" ಅವರಿಂದ "ಸರಿ" ಅಂತ ಉತ್ತರ ಬಂದ ಮೇಲೆ ನಾಯಿ ಬಿಟ್ಟು ಬನ್ನಿ. ವ್ಯಾಕ್ಸಿನ್ ಬುಕ್ ಮಾತ್ರ ಕೊಡಬೇಡಿ, ಫೋಟೋ ಕಳಿಸಿದರೆ ಸಾಕು.