ಜಿಗಿಯುವ ಜೇಡದ ಚಿತ್ರ ಮಸುಕಾಗುತ್ತಿದ್ದುದಕ್ಕೆ ಸಿಕ್ಕ ಪರಿಹಾರ

ನಾಲ್ಕೈದು ಮಿಲಿಮೀಟರ್ ಉದ್ದದ ಜಿಗಿಯುವ ಜೇಡವನ್ನು 2 ಪಟ್ಟು ವರ್ಧನೆಯಲ್ಲಿ (ಸೆನ್ಸರ್ ಮೇಲಿನ ಬಿಂಬ ನಿಜಗಾತ್ರದ ಎರಡರಷ್ಟಿರುವಂತೆ) ತೆಗೆದಾಗ, ಫೋಕಸ್ ಸರಿಯಾಗಿ ಕಣ್ಣುಗಳ ಮೇಲೇ ಇದ್ದರೂ ಇಡೀ ಚಿತ್ರ ತೆಳುವಾದ ಮಂಜು ಕವಿದಂತೆ ಬರುತ್ತಿತ್ತು; ಕಣ್ಣಿನ ಸುತ್ತಲಿನ ರೋಮಗಳು ಒಂದಕ್ಕೊಂದು ಅಂಟಿಕೊಂಡಂತೆ ಕಾಣುತ್ತಿದ್ದವು. ಟ್ರೈಪಾಡ್ ಬಳಸಿದ್ದು, ಶಟರ್ ವೇಗ ಹೆಚ್ಚಿಸಿದ್ದು, ಕಂಪ್ಯೂಟರಿನಲ್ಲಿ ಶಾರ್ಪ್‌ನೆಸ್ ಏರಿಸಿದ್ದು ಯಾವುದೂ ಫಲಿಸಲಿಲ್ಲ. ಅಪರ್ಚರನ್ನು (ಲೆನ್ಸಿನೊಳಗೆ ಬೆಳಕು ಹಾಯುವ ಕಿಂಡಿ; ಎಫ್ ಸಂಖ್ಯೆ ಹೆಚ್ಚಿದಷ್ಟೂ ಅದು ಕಿರಿದು) ಎಫ್/16ರಿಂದ ಎಫ್/22ಕ್ಕೆ ಕಿರಿದಾಗಿಸಿದಾಗಲಂತೂ ಮಸುಕು ಇನ್ನಷ್ಟು ಹೆಚ್ಚಿತು. ಕಾರಣದ ಸುಳಿವು ಸಿಕ್ಕಿದ್ದೂ ಅಲ್ಲಿಯೇ.

ವರ್ಧನೆಗೆ 1 ಕೂಡಿಸಿ ಎಫ್ ಸಂಖ್ಯೆಯಿಂದ ಗುಣಿಸಿದರೆ ಹೆಚ್ಚುಕಡಿಮೆ ವಾಸ್ತವಿಕ ಅಪರ್ಚರ್ ಸಿಗುತ್ತದೆ. 2 ಪಟ್ಟಿನಲ್ಲಿ ಎಫ್/16 ಎಂಬುದು ಎಫ್/48ರಂತೆ ವರ್ತಿಸುವುದರಿಂದ, ಬೆಳಕಿನ ವಿವರ್ತನೆಯೇ (ಕಿರಿದಾದ ಕಿಂಡಿಯಲ್ಲಿ ಹಾಯುವಾಗ ಬೆಳಕು ಹರಡಿಕೊಳ್ಳುವುದು) ಸೂಕ್ಷ್ಮ ವಿವರಗಳನ್ನು ಅಳಿಸಿಬಿಡುತ್ತದೆ. ಆದ್ದರಿಂದ ಮೊದಲು ಅಪರ್ಚರನ್ನು ಎಫ್/5.6ಕ್ಕೆ ತೆರೆದು, ಐಎಸ್‌ಒ (ಬೆಳಕಿಗೆ ಸೆನ್ಸರ್‌ನ ಸಂವೇದನೆ) 200, ಶಟರ್ 1/160 ಸೆಕೆಂಡು ಇಟ್ಟು, ಫ್ಲ್ಯಾಶನ್ನು ಮ್ಯಾನುಯಲ್‌ನಲ್ಲಿ 1/16 ಶಕ್ತಿಗೆ ಇಳಿಸಿದೆ. ಶಕ್ತಿ ತಗ್ಗಿದಷ್ಟೂ ಬೆಳಕು ಮಿಂಚುವ ಅವಧಿ ಕಿರಿದಾಗಿ, ಕೈನಡುಕ ಚಿತ್ರದಲ್ಲಿ ಕಾಣುವುದಿಲ್ಲ. ಬಳಿಕ ಫ್ಲ್ಯಾಶ್ ಬೆಳಕನ್ನು ಮೃದುವಾಗಿಸುವ ಡಿಫ್ಯೂಸರ್ ಜೇಡದ ಮೇಲಕ್ಕೆ ಬಾಗುವಂತೆ ಕಟ್ಟಿ, ಅಪರ್ಚರ್ ಇಷ್ಟು ತೆರೆದಾಗ ಸ್ಪಷ್ಟವಾಗಿ ಮೂಡುವ ಪದರ ತೀರಾ ತೆಳುವಾದ್ದರಿಂದ ಆಟೋಫೋಕಸ್ ನಿಲ್ಲಿಸಿ, ಫೋಕಸ್ ರಿಂಗ್ ಮುಟ್ಟದೆ ಕ್ಯಾಮೆರಾವನ್ನೇ ಕೂದಲೆಳೆಯಷ್ಟು ಮುಂದಕ್ಕೆ ಸರಿಸುತ್ತ, ಕಣ್ಣಿನಿಂದ ತಲೆಯ ಹಿಂಭಾಗದವರೆಗೆ ಹತ್ತು ಹನ್ನೆರಡು ಫ್ರೇಮ್ ತೆಗೆದು ಪ್ರತಿ ಫ್ರೇಮಿನ ಸ್ಪಷ್ಟ ಭಾಗವನ್ನು ಆಯ್ದು ಒಂದೇ ಚಿತ್ರ ಮಾಡುವ ಫೋಕಸ್ ಸ್ಟ್ಯಾಕಿಂಗ್ ತಂತ್ರಾಂಶದಲ್ಲಿ ಜೋಡಿಸಿದೆ. ರೋಮಗಳು ಬಿಡಿಬಿಡಿಯಾಗಿ ಮೂಡಿದವು.

ಕ್ಷಣವೂ ನಿಲ್ಲದ ಇರುವೆಗೆ ಈ ಜೋಡಣೆ ಆಗದು. ಅದಕ್ಕೆ ಎಫ್/8ರಲ್ಲಿ ಒಂದೇ ಫ್ರೇಮ್ ತೆಗೆಯುವುದು ಮೇಲು.